ಉಡುಪಿಯ ಹಾಜಿಯವರ ಬ್ಯಾಂಕು ನಮಗೆ ಕಲಿಸುವ ಪಾಠ

ಒಂದು ಊರು ಮುಂದುವರಿದಿದೆ ಎನ್ನುವಾಗ ನಾವು ಅಲ್ಲಿನ ರಸ್ತೆ, ಕಟ್ಟಡ, ಕಾಲೇಜುಗಳನ್ನು ಬೊಟ್ಟು ಮಾಡಿ ತೋರಿಸುತ್ತೇವೆ. ಅವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಆದರೆ ಗುರುತು ಪರಿಚಯವಿಲ್ಲದವರ ಕೈಯಲ್ಲಿ ತನ್ನ ಉಳಿತಾಯವನ್ನಿಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುವಷ್ಟು ನಂಬಿಕೆ ಜನರಲ್ಲಿ ಹೇಗೆ ಬೆಳೆಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾನೂನು, ವ್ಯಾಪಾರ, ಶಿಕ್ಷಣ ಈ ಮೂರೂ ಒಂದಕ್ಕೊಂದು ಆಸರೆಯಾದಾಗ ಅಂಥ ನಂಬಿಕೆ ಬೆಳೆಯುತ್ತದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಇತಿಹಾಸ ಇದಕ್ಕೆ ಸಾಕ್ಷಿ.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಸಣ್ಣ ಸಂಸ್ಥೆ ಹುಟ್ಟಿಕೊಂಡಿತು. ಅದರ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ದೇಶದಾದ್ಯಂತ ಹೆಸರಾದದ್ದು ಇದೇ. ಸ್ಥಾಪಕರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್. ಆರಂಭದ ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಸಂಗ್ರಹವಾಗಿದ್ದುದು 38 ರೂಪಾಯಿ 13 ಆಣೆ 2 ಪೈ. ಅದು ಸ್ವದೇಶಿ ಚಳವಳಿಯ ಕಾಲ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದೇ ತಮ್ಮ ಉದ್ದೇಶವೆಂದೂ ಇದೇ ನಿಜವಾದ ಸ್ವದೇಶಿಯೆಂದೂ ಸ್ಥಾಪಕರು ಸಾರ್ವಜನಿಕರಿಗೆ ಮಾಡಿದ ಮನವಿಯಲ್ಲಿ ತಿಳಿಸಿದ್ದರು. ಉಡುಪಿಯ ಆಸ್ಪತ್ರೆಗೆ ಜಾಗ ಕೊಟ್ಟವರೂ ಇದೇ ಹಾಜಿಯವರು.

ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ಬ್ಯಾಂಕು ಹುಟ್ಟುವುದಿಲ್ಲ. ಅದರ ಹಿಂದೆ ಕಾನೂನಿನ ಬಲವಿತ್ತು. ಹಳೆಯ ಪಾಲುದಾರಿಕೆಯ ವ್ಯಾಪಾರದಲ್ಲಿ ನಷ್ಟವಾದರೆ ಪಾಲುದಾರನ ಮನೆ ಮಠಗಳೂ ಹರಾಜಾಗಬಹುದಿತ್ತು. 1882ರ ಕಂಪೆನಿ ಕಾಯ್ದೆಯ ಪ್ರಕಾರ ನೋಂದಾಯಿಸಿದ ಸೀಮಿತ ಹೊಣೆಗಾರಿಕೆಯ ಸಂಸ್ಥೆಯಲ್ಲಿ ಶೇರುದಾರ ಕಳೆದುಕೊಳ್ಳುವುದು ತನ್ನ ಶೇರಿನ ಮೊತ್ತವನ್ನು ಮಾತ್ರ. ಸಾಮಾನ್ಯ ಮನುಷ್ಯನೂ ಧೈರ್ಯದಿಂದ ನಾಲ್ಕು ಕಾಸು ತೊಡಗಿಸಲು ಸಾಧ್ಯವಾದದ್ದು ಇದರಿಂದ.

ಅದೇ 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಸ್ಥಾಪಕರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ವೃತ್ತಿಯಲ್ಲಿ ವಕೀಲರು. ಗಮನಿಸಬೇಕಾದ ವಿಷಯವೆಂದರೆ, ಅವರು ಮೊದಲು ಕಟ್ಟಿದ್ದು ಬ್ಯಾಂಕನ್ನಲ್ಲ, ಶಾಲೆಯನ್ನು. 1891ರಲ್ಲಿ ಕೆನರಾ ಹೈಸ್ಕೂಲ್, 1894ರಲ್ಲಿ ಹೆಣ್ಣುಮಕ್ಕಳ ಶಾಲೆ. ಆ ಬಳಿಕವೇ ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಹೀಗೆ ಕಾನೂನು, ಶಿಕ್ಷಣ, ಹಣಕಾಸು ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಒಂದಾಗಿದ್ದವು.

1925ರಲ್ಲಿ ಉಡುಪಿಯಲ್ಲೇ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸಿಂಡಿಕೇಟ್ ಬ್ಯಾಂಕಿಗೆ ನಾಂದಿ ಹಾಡಿದರು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನ ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಡಾ. ಪೈಯವರು ಮುಂದೆ ಶಿಕ್ಷಣದತ್ತ ತಿರುಗಿದರು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು.

ಆದರೆ ಈ ಇತಿಹಾಸವನ್ನು ಬರೇ ಹೊಗಳಿಕೆಯಿಂದ ನೋಡಿದರೆ ಸತ್ಯಕ್ಕೆ ಅಪಚಾರವಾದೀತು. ಸ್ವಂತ ಭೂಮಿಯಿಲ್ಲದ, ಅಡವಿಡಲು ಏನೂ ಇಲ್ಲದ ಚಾಲಗೇಣಿ ಒಕ್ಕಲಿಗೆ ಬ್ಯಾಂಕಿನ ಬಾಗಿಲು ದೂರವೇ ಇತ್ತು. ಧಣಿ ಬೇಡವೆಂದರೆ ಗದ್ದೆ ಬಿಟ್ಟು ಹೋಗಬೇಕಾದವನು ಮಗನನ್ನು ಹೈಸ್ಕೂಲಿಗೆ ಕಳುಹಿಸುವುದೆಂತು? ಈ ಗಂಟನ್ನು ಬಿಡಿಸಿದ್ದೂ ಕಾನೂನೇ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಒಕ್ಕಲುಗಳು ಒಡೆಯರಾದರು. ಬಿಲ್ಲವ, ಬ್ಯಾರಿ, ಕ್ರೈಸ್ತ ಹೀಗೆ ಎಲ್ಲ ಸಮುದಾಯಗಳ ಬಡ ಮನೆಗಳಿಗೆ ಪಟ್ಟೆ ಬಂತು. ಪಟ್ಟೆಯ ಹಿಂದೆ ಸಾಲ ಬಂತು, ಅದರ ಹಿಂದೆ ಮಕ್ಕಳ ಶಾಲೆ ಬಂತು.

ಈಗ ನಮ್ಮ ಕಡೆಗೆ ನೋಡಿಕೊಳ್ಳೋಣ. ಬಡ್ಡಿಯ ಕುರಿತು ಇಸ್ಲಾಮಿನ ನಿಲುವು ಎಲ್ಲರಿಗೂ ಗೊತ್ತು. ಹೀಗಿರುವಾಗ ಒಬ್ಬ ಹಾಜಿ ಬ್ಯಾಂಕು ಕಟ್ಟಿದ್ದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಅದನ್ನು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಲೇವಾದೇವಿದಾರನ ಕೈಗೆ ಸಿಕ್ಕಿ ಹೊಲ ಮನೆ ಕಳೆದುಕೊಳ್ಳುವವನ ಪಾಡನ್ನೂ ಮರೆಯುವಂತಿಲ್ಲ. ಹಾಜಿಯವರ ಬ್ಯಾಂಕಿಗೆ ಸರಿಯಾಗಿ ನೂರು ವರ್ಷ ತುಂಬಿದ 2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿ ನೀಡಿತು. ಜನಸಂಖ್ಯೆಗೆ ಹೋಲಿಸಿದರೆ ದೇಶದ ಮುಸ್ಲಿಮರಿಗೆ ಸಿಗುವ ಬ್ಯಾಂಕ್ ಸಾಲ ತೀರಾ ಕಡಿಮೆ ಎಂದೂ ಕೆಲವು ಬ್ಯಾಂಕುಗಳು ಮುಸ್ಲಿಮ್ ಬಡಾವಣೆಗಳನ್ನೇ ಸಾಲ ನೀಡಲಾಗದ ಪ್ರದೇಶಗಳೆಂದು ಗುರುತಿಸಿವೆ ಎಂದೂ ಅದು ಹೇಳಿತು. ಎಲ್ಲರಿಗಾಗಿ ಬ್ಯಾಂಕು ಕಟ್ಟಿದ ಸಮುದಾಯ ಒಂದು ಶತಮಾನದ ಬಳಿಕ ಬ್ಯಾಂಕಿನ ಹೊರಗೆ ನಿಂತಿತ್ತು. ಇದರಲ್ಲಿ ಇತರರ ಪೂರ್ವಗ್ರಹವೆಷ್ಟು, ಶಿಕ್ಷಣದ ವಿಷಯದಲ್ಲಿ ನಾವು ಮಾಡಿದ ವಿಳಂಬವೆಷ್ಟು ಎಂಬ ಆತ್ಮಾವಲೋಕನ ಅಗತ್ಯ.

2022ರಲ್ಲಿ ಈ ಮೂರೂ ಕ್ಷೇತ್ರಗಳು ಅದೇ ಉಡುಪಿಯಲ್ಲಿ ಮತ್ತೆ ಸಂಧಿಸಿದವು, ಈ ಬಾರಿ ಕಹಿಯಾಗಿ. ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದ ನ್ಯಾಯಾಲಯದ ಮೆಟ್ಟಲೇರಿತು. ಮಾರ್ಚ್ 15ರಂದು ಹೈಕೋರ್ಟ್ ವಿದ್ಯಾರ್ಥಿನಿಯರ ಅರ್ಜಿಯನ್ನು ತಳ್ಳಿಹಾಕಿತು. ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅದೇ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕುವ ಅವಕಾಶ ನಿರಾಕರಿಸಲಾಯಿತು. ಅದಕ್ಕೆ ಆಧಾರವಾಗಿ ತೋರಿಸಿದ್ದೂ ಒಂದು ಕಾನೂನನ್ನೇ. ಬಾಗಿಲು ತೆರೆಯುವ ಶಕ್ತಿ ಇರುವ ಕಾನೂನಿಗೆ ಬಾಗಿಲು ಮುಚ್ಚುವ ಶಕ್ತಿಯೂ ಇದೆ. ಅದು ಯಾರ ಕೈಯಲ್ಲಿದೆ, ಅವರ ಮನಸ್ಸು ಹೇಗಿದೆ ಎಂಬುದೇ ಮುಖ್ಯ.

2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿಯಿತು, ಅದು ವ್ಯಾಪಾರದ ಲೆಕ್ಕಾಚಾರ. ಆದರೆ ಮೊದಲ ದಿನ ಆ 38 ರೂಪಾಯಿಗಳನ್ನು ತಂದಿಟ್ಟವರು ಹಾಜಿಯವರ ಧರ್ಮವನ್ನು ನೋಡಿರಲಿಲ್ಲ. ಅವರ ಹಣ ಯಾವ ಮನೆಯಿಂದ ಬಂತೆಂದು ಹಾಜಿಯವರೂ ಕೇಳಿರಲಿಲ್ಲ. ಈ ಸಂಗತಿಯನ್ನು ನಮ್ಮ ಮಕ್ಕಳಿಗೂ ನೆರೆಮನೆಯ ಮಕ್ಕಳಿಗೂ ಹೇಳಿಕೊಡುವ ಹೊಣೆ ನಮ್ಮೆಲ್ಲರ ಮೇಲಿದೆ.