ಹಳೆಯ ಎಂಜಿನ್ನಿನ ಮೂಲಾಂಗಗಳು: ಹೈದರಾಬಾದಿನ ವಾಹನಚರಿತ್ರೆಯ ಒಂದು ಪ್ರಶ್ನೆ

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಮೂಲಪಾಠ, ಪಾಠಾಂತರ, ಪ್ರಕ್ಷಿಪ್ತ ಎಂಬ ಮಾತುಗಳು ಹೊಸವಲ್ಲ. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನು ಸೇರಿಸಿದ ಪದ್ಯವೊಂದನ್ನು ಮೂಲಕವಿಯದಲ್ಲವೆಂದು ಸಂಪಾದಕನು ನಿರ್ಣಯಿಸಬಹುದು. ಆದರೆ ಅದನ್ನು ಅವನು ಅಳಿಸಿಹಾಕುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಹಳೆಯ ಮೋಟಾರು ಗಾಡಿಯ ಎಂಜಿನ್ನನ್ನು ಪುನರುದ್ಧಾರ ಮಾಡತಕ್ಕವರ ಮುಂದೆಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ನಿಂತಿದೆ. ಇದರಲ್ಲಿ ಮೂಲವಾವುದು? ಅನಂತರ ಸೇರಿದುದಾವುದು? ಬಿಚ್ಚಿ ತೆಗೆದ ಭಾಗವನ್ನು ಏನು ಮಾಡಬೇಕು? ಹೈದರಾಬಾದಿನಲ್ಲಿ ಉಳಿದುಬಂದಿರುವ ಎರಡು ವಾಹನಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಶ್ರೀಮಂತರ ಹವ್ಯಾಸದ ವಿಷಯವೆಂದು ವಾಚಕರು ಭಾವಿಸಬಾರದು. 2021ರಲ್ಲಿ ಭಾರತ ಸರಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದುಪಡಿ ಮಾಡಿ, 50 ವರ್ಷಕ್ಕೆ ಮೀರಿದ ಹಳೆಯ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಗಾಡಿಯು ಮೂಲರೂಪದಲ್ಲಿರಬೇಕು, ಷಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು ಎಂಬುದು ಆ ನಿಯಮದ ಮುಖ್ಯಾಂಶ. ಹೀಗೆ 'ಮೂಲ' ಎಂಬ ಶಬ್ದಕ್ಕೆ ಕಾನೂನಿನ ಬಲ ಬಂದಿದೆ. ಆ ಶಬ್ದದ ಅರ್ಥವನ್ನು ಸಂಕುಚಿತವಾಗಿ ಗ್ರಹಿಸಿದಲ್ಲಿ ಚರಿತ್ರೆಗೆ ಹಾನಿಯೇ ಹೊರತು ಲಾಭವಿಲ್ಲ.

ಮೊದಲನೆಯದು ಅರಮನೆಯ ಗಾಡಿ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ರೋಲ್ಸ್ ರಾಯ್ಸ್ ಕಂಪನಿಯ 'ಸಿಲ್ವರ್ ಗೋಸ್ಟ್' ಗಾಡಿಯೊಂದನ್ನು ಮಾಡಿಸಲು ಹೇಳಿದ್ದರು. 1911ರಲ್ಲಿ ಅವರು ಕಾಲವಾದರು, ಗಾಡಿ 1912ರದು. ಅದರ ಹೊರಮೈ ಲಂಡನ್ನಿನ ಬಾರ್ಕರ್ ಕಂಪನಿಯ ಕೆಲಸ, ಬಣ್ಣ ಹಳದಿ, ಒಳಗೆ ಸಿಂಹಾಸನದಂತಹ ಪೀಠ. ಮೆರವಣಿಗೆಗಾಗಿ ಮಾಡಿಸಿದ ಗಾಡಿಯಾದುದರಿಂದ ಅದು ಓಡಿದ ದೂರ ಬಹಳ ಕಡಮೆ. ದೀರ್ಘಕಾಲ ಉಪೇಕ್ಷೆಗೊಳಗಾಗಿದ್ದ ಅದು ಪುನರುದ್ಧಾರ ಹೊಂದಿ ಈಗ ಚೌಮಹಲ್ಲಾ ಅರಮನೆಯಲ್ಲಿದೆ.

ಓಡದೆ ನಿಂತ ಎಂಜಿನ್ನು ಓಡಿದ ಎಂಜಿನ್ನಿಗಿಂತ ಸುಸ್ಥಿತಿಯಲ್ಲಿರುವುದೆಂದು ತೋರಬಹುದು. ವಾಸ್ತವವಾಗಿ ಹಾಗಲ್ಲ. ಈ ಮಾದರಿಯ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು. ಮೂರು ಮೂರರಂತೆ ಎರಡು ಎರಕದ ಗಟ್ಟಿಗಳು. ಸಿಲಿಂಡರಿನ ತಲೆಯನ್ನು ಬಿಚ್ಚುವಂತಿಲ್ಲ. ಸಿಲಿಂಡರೂ ತಲೆಯೂ ಒಂದೇ ಎರಕ. ಸುತ್ತಲೂ ತಣ್ಣೀರು ಹರಿಯುವ ಪೊಳ್ಳು ಆ ಎರಕದ ಒಳಗೇ ಇದೆ. ಗಾಡಿಯನ್ನು ನಿಲ್ಲಿಸುವಾಗ ನೀರನ್ನು ಬಸಿಯದೆ ಬಿಟ್ಟರೆ, ತುಕ್ಕು ಒಳಗಿನಿಂದಲೇ ಗೋಡೆಯನ್ನು ತಿನ್ನುತ್ತದೆ. ಇಂತಹ ಗಟ್ಟಿಗಳನ್ನು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ಎರಕಹೊಯ್ದು ಕೊಡತಕ್ಕವರಿದ್ದಾರೆ. ಆದುದರಿಂದ ಈ ಮಾದರಿಯ ಗಾಡಿಯುಳ್ಳವರ ಮುಂದೆ ಎರಡು ದಾರಿಗಳಿವೆ: ಹೊಸ ಗಟ್ಟಿಯನ್ನು ತರಿಸುವುದು, ಇಲ್ಲವೆ ಹಳೆಯದನ್ನೇ ಉಳಿಸುವುದು.

ಉಳಿಸುವ ವಿದ್ಯೆ ಸೂಕ್ಷ್ಮವಾದುದು. ಎರಕದ ಕಬ್ಬಿಣಕ್ಕೆ ಬೆಸುಗೆಯ ಬಿಸಿ ಒಗ್ಗುವುದಿಲ್ಲ; ಒಂದು ಬಿರುಕನ್ನು ಮುಚ್ಚಹೋಗಿ ಇನ್ನೊಂದನ್ನು ತೆರೆದಂತಾಗುವುದುಂಟು. ಆದುದರಿಂದ ಬಿರುಕಿನ ಉದ್ದಕ್ಕೂ ರಂಧ್ರಗಳನ್ನು ಕೊರೆದು, ಲೋಹದ ಬೀಗಗಳನ್ನೂ ತಿರುಪುಗಳನ್ನೂ ಬಿಸಿಮಾಡದೆಯೇ ಕೂಡಿಸುವ 'ಹೊಲಿಗೆ'ಯ ಕ್ರಮವನ್ನು ಅನುಸರಿಸುತ್ತಾರೆ. ಸವೆದ ಸಿಲಿಂಡರನ್ನು ಕೊರೆದು ಒಳಗೆ ಕೊಳವೆ ಕೂರಿಸುತ್ತಾರೆ. ಬೇರಿಂಗುಗಳಲ್ಲಿ ತವರ, ಆಂಟಿಮನಿ, ತಾಮ್ರಗಳ ಬಿಳಿಲೋಹವನ್ನು ಕರಗಿಸಿ ಹೊಯ್ದು, ತಿರುಗುವ ದಂಡಕ್ಕೆ ನೀಲಿಬಣ್ಣ ಸವರಿ, ಬಣ್ಣ ತಗುಲಿದ ಎಡೆಗಳನ್ನು ಕೈಯಿಂದ ಹೆರೆದು ಹದಗೊಳಿಸುತ್ತಾರೆ. ಇವೆಲ್ಲವೂ ಮೂಲಾಂಗವನ್ನು ಉಳಿಸಿಕೊಂಡೇ ಮಾಡತಕ್ಕ ಕೆಲಸಗಳು.

ಎರಡನೆಯ ವಾಹನವು ಪ್ರಜೆಗಳದು. ಅದರ ಕಥೆ ರೈಲ್ವೆಯ ಕಥೆಯೊಡನೆ ಹೆಣೆದುಕೊಂಡಿದೆ. ಕಾಚಿಗೂಡದ ರೈಲು ನಿಲ್ದಾಣ 1916ರಲ್ಲಿ ನಿರ್ಮಿತವಾಯಿತು. ಅದನ್ನು ಕಟ್ಟಿದ ರೈಲ್ವೆಯು 1930ರಲ್ಲಿ ಕಂಪನಿಯ ಕೈಯಿಂದ ನಿಜಾಮ್ ಸರಕಾರದ ವಶಕ್ಕೆ ಬಂದಿತು. ಆ ರೈಲ್ವೆಯೇ 1932ರಲ್ಲಿ ರಸ್ತೆಸಾರಿಗೆಯ ಶಾಖೆಯೊಂದನ್ನು 27 ಬಸ್ಸುಗಳಿಂದಲೂ 166 ನೌಕರರಿಂದಲೂ ಆರಂಭಿಸಿತು. ಬಸ್ಸುಗಳು ಗ್ಲಾಸ್ಗೋ ನಗರದ ಆಲ್ಬಿಯನ್ ಕಾರ್ಖಾನೆಯವು. 1932ರ ಅಂತಹದೊಂದು ಬಸ್ಸು 'ಡೆಕ್ಕನ್ ಕ್ವೀನ್' ಎಂಬ ಹೆಸರಿನಿಂದ ಸಾರಿಗೆ ಸಂಸ್ಥೆಯ ರಕ್ಷಣೆಯಲ್ಲಿ ಉಳಿದುಬಂದಿದೆ.

ಅರಮನೆಯ ಗಾಡಿ ನಿಂತು ಕೆಟ್ಟಿತು. ಆಲ್ಬಿಯನ್ ಬಸ್ಸುಗಳಾದರೋ ಓಡಿ ಸವೆದವು. ಓಡಿ ಸವೆದ ಎಂಜಿನ್ನಿನಲ್ಲಿ ಕಾರ್ಖಾನೆಯಿಂದ ಬಂದ ಭಾಗಗಳಷ್ಟೇ ಇರುವುದು ಅಪರೂಪ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲಾಯಿತಿಯಿಂದ ಬಿಡಿಭಾಗಗಳು ಬರುವುದು ದುರ್ಲಭವಾಯಿತು; ಪೆಟ್ರೋಲಿನ ಅಭಾವದಿಂದ ದೇಶದ ಅನೇಕ ಕಡೆ ಬಸ್ಸುಗಳಿಗೆ ಇದ್ದಲಿನ ಅನಿಲದ ಒಲೆಗಳನ್ನು ಜೋಡಿಸಲಾಯಿತು. 1951ರಲ್ಲಿ ಆಲ್ಬಿಯನ್ ಕಾರ್ಖಾನೆಯು ಲೇಲ್ಯಾಂಡ್ ಕಂಪನಿಯ ಪಾಲಾಯಿತು. ಇಂತಹ ಕಾಲಗಳಲ್ಲಿ ಹಳೆಯ ಗಾಡಿಗಳನ್ನು ನಡೆಸಿದುದು ಊರಿನ ಎರಕದವರ, ಲೇತಿನ ಖರಾದಿಗಳ, ಮೇಸ್ತ್ರಿಗಳ ಕೈಚಳಕ. ಹೈದರಾಬಾದಿಗೆ ಆ ಕೌಶಲ ಹೊಸತಾಗಿರಲಿಲ್ಲ; ಲಾಲಾಗುಡದ ರೈಲ್ವೆ ಕಾರ್ಯಾಗಾರವು 1893ರಿಂದಲೇ ನಡೆದುಬಂದಿತ್ತು.

ಊರಿನಲ್ಲಿ ಮಾಡಿದ ಭಾಗಗಳನ್ನು ಗುರುತಿಸಲು ಸಾಧ್ಯವೇ? ಲಿಪಿಯ ಮೋಡಿಯಿಂದ ಶಾಸನದ ಕಾಲವನ್ನು ನಿರ್ಣಯಿಸುವಂತೆ ಇಲ್ಲಿಯೂ ಲಕ್ಷಣಗಳುಂಟು. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಕಾರ್ಖಾನೆಯವರು ಇದನ್ನು ಲೆಕ್ಕಹಾಕಿ ಮರದ ಮಾದರಿಯನ್ನು ದೊಡ್ಡದಾಗಿ ಮಾಡುತ್ತಾರೆ. ಹಳೆಯ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದಿದ್ದರೆ, ಲೇತಿಗೆ ಸಿಗದ ಎಡೆಗಳಲ್ಲಿ ಹೊಸ ಭಾಗವು ಅಷ್ಟರಮಟ್ಟಿಗೆ ಕಿರಿದಾಗಿರುತ್ತದೆ. ತಿರುಪುಗಳೂ ಸಾಕ್ಷಿ ಹೇಳುತ್ತವೆ. ಬ್ರಿಟನ್ನಿನ ವಿಟ್‌ವರ್ಥ್ ಪದ್ಧತಿಯಲ್ಲಿ ತಿರುಪಿನ ಏಣಿನ ಕೋನ 55 ಅಂಶ. ಅಮೆರಿಕದ ಪದ್ಧತಿಯಲ್ಲಿಯೂ ಈಗಿನ ಮೆಟ್ರಿಕ್ ಪದ್ಧತಿಯಲ್ಲಿಯೂ 60 ಅಂಶ. ಬ್ರಿಟಿಷ್ ಎಂಜಿನ್ನಿನಲ್ಲಿ 60 ಅಂಶದ ತಿರುಪು ದೊರೆತರೆ, ಅದು ಬೇರೆ ಗಾಡಿಯಿಂದಲೋ ಬೇರೆ ಕಾಲದಿಂದಲೋ ಬಂದಿರಬೇಕೆಂದು ಶಂಕಿಸಲು ಅವಕಾಶವಿದೆ.

ಹೀಗೆ ಗುರುತಿಸಿದ ಭಾಗವನ್ನು 'ಮೂಲವಲ್ಲ' ಎಂದು ಕಸಕ್ಕೆ ಎಸೆಯುವುದು ರೂಢಿಯಾಗಿದೆ. ವಿದೇಶದಿಂದ ತರಿಸಿದ ಹೊಚ್ಚಹೊಸ ಪ್ರತಿಕೃತಿಯು ಅದರ ಸ್ಥಾನದಲ್ಲಿ ಕುಳಿತು 'ಮೂಲ' ಎನ್ನಿಸಿಕೊಳ್ಳುತ್ತದೆ. ಇದು ವಿಪರ್ಯಾಸ. ಕಾಲದ ದೃಷ್ಟಿಯಿಂದ ನೋಡಿದರೆ ಇವೆರಡರಲ್ಲಿ ಪ್ರಾಚೀನವಾದುದು ಊರಿನ ಮೇಸ್ತ್ರಿಯ ಕೆಲಸವೇ. ಪ್ರತಿಕೃತಿಯು ಗಾಡಿಯ ಹುಟ್ಟನ್ನು ನೆನಪಿಸುತ್ತದೆ. ಮೇಸ್ತ್ರಿಯ ಭಾಗವು ಅದರ ಬಾಳನ್ನು ಹೇಳುತ್ತದೆ.

ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷವಾದ ಆಸಕ್ತಿ ಇರತಕ್ಕದ್ದು ನ್ಯಾಯ. ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳು 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ರಾಜ್ಯದ ಅಂಗಗಳಾಗಿದ್ದವು. ರಸ್ತೆಸಾರಿಗೆಯು 1951ರಲ್ಲಿ ರೈಲ್ವೆಯಿಂದ ಬೇರೆಯಾಗಿ ರಾಜ್ಯ ಸರಕಾರದ ಇಲಾಖೆಯಾಗಿತ್ತು. ಭಾಷಾವಾರು ಪುನರ್ವಿಂಗಡಣೆಯಾದಾಗ ಆ ರಾಜ್ಯವು ಆಂಧ್ರಪ್ರದೇಶ, ಮೈಸೂರು, ಮುಂಬಯಿ ಎಂಬ ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ಅದರೊಡನೆ ಆ ಇಲಾಖೆಯ ಚರಿತ್ರೆಯೂ ಮೂರು ಪಾಲಾಯಿತು. ಗ್ರಂಥವೊಂದರ ಗರಿಗಳು ಮೂರು ಮನೆಗಳಿಗೆ ಹಂಚಿಹೋದಂತೆ ಇದು. ತೆಲಂಗಾಣದಲ್ಲಿ ಉಳಿದ ಒಂದು ಬಸ್ಸನ್ನು ಮಾತ್ರ ನೋಡಿ ಆ ಇಲಾಖೆಯ ಚರಿತ್ರೆಯನ್ನು ಬರೆಯಲಾಗದು. ಕನ್ನಡ ಜಿಲ್ಲೆಗಳ ಪಾಲನ್ನೂ ಮರಾಠವಾಡದ ಪಾಲನ್ನೂ ಕೂಡಿಸಿ ಓದಬೇಕು. ಉರ್ದು, ಕನ್ನಡ, ತೆಲುಗು, ಮರಾಠಿ ಬಲ್ಲ ಈ ನಗರದ ಕನ್ನಡಿಗರು ಈ ಕಾರ್ಯಕ್ಕೆ ಅನುಕೂಲವಾದ ಸ್ಥಾನದಲ್ಲಿದ್ದಾರೆ.

ಕರ್ತವ್ಯಗಳು ಮೂರೆಂದು ನನ್ನ ಅಭಿಪ್ರಾಯ. ಎಂಜಿನ್ನನ್ನು ಬಿಚ್ಚುವ ಮುನ್ನ ಪ್ರತಿಯೊಂದು ಅಂಗದ ಸಂಖ್ಯೆ, ಅಳತೆ, ಚಿತ್ರಗಳನ್ನು ದಾಖಲೆಮಾಡಬೇಕು. ಹೊಸದಾಗಿ ಮಾಡಿದ ಭಾಗದ ಮೇಲೆ, ಕಣ್ಣಿಗೆ ಬೀಳದ ಎಡೆಯಲ್ಲಾದರೂ, ಮಾಡಿದ ವರ್ಷವನ್ನು ಒತ್ತಬೇಕು. ತೆಗೆದ ಭಾಗವನ್ನು ಗಾಡಿಯೊಡನೆಯೇ ಪೆಟ್ಟಿಗೆಯಲ್ಲಿ ಇಡಬೇಕು. ಇವುಗಳಿಗೆ ತಗಲುವ ವೆಚ್ಚ ಅಲ್ಪ.

ಇವೆಲ್ಲಕ್ಕಿಂತ ತ್ವರೆಯ ಕಾರ್ಯವೊಂದುಂಟು. ಬಿಳಿಲೋಹ ಹೊಯ್ದು ಹೆರೆಯಬಲ್ಲವರು ಕಡಮೆಯಾಗುತ್ತಿದ್ದಾರೆ. ಅವರ ವಿದ್ಯೆ ಕೈಯಲ್ಲಿದೆ, ಕಾಗದದಲ್ಲಿಲ್ಲ. ಲೋಹದ ಭಾಗವು ತುಕ್ಕು ಹಿಡಿದರೂ ಇನ್ನೂ ಕೆಲವು ಕಾಲ ಕಾದೀತು. ಅದನ್ನು ಮಾಡಿದವರ ನೆನಪು ಕಾಯುವುದಿಲ್ಲ. ಅವರ ಮಾತುಗಳನ್ನು ಈಗಲೇ ಬರೆದಿಡುವುದು ಅವಶ್ಯ.