ಪರಾಗಸಾಕ್ಷ್ಯ

ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವುದು ತರ್ಕಶಾಸ್ತ್ರದ ಬಾಲಪಾಠ. ಹೂವಿನ ಪರಾಗವನ್ನು ಕಂಡು ಅಪರಾಧಿಯು ತುಳಿದ ನೆಲವನ್ನು ಊಹಿಸುವ ವಿದ್ಯೆಯೂ ಅದೇ ಜಾತಿಯದು. ಇದು ಬೆಳೆದು ಬಂದ ಬಗೆಯನ್ನೂ, ಇದನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಕ್ರಿ.ಶ. 1959ರಲ್ಲಿ ಆಸ್ಟ್ರಿಯಾ ದೇಶದ ಡ್ಯಾನ್ಯೂಬ್ ನದಿಯ ಪ್ರಾಂತ್ಯದಲ್ಲಿ ಒಬ್ಬ ಮನುಷ್ಯನು ಕಾಣದಾದನು, ಶವವು ದೊರೆಯಲಿಲ್ಲ. ಸಂಶಯಕ್ಕೆ ಗುರಿಯಾದವನ ಬೂಟುಗಳಿಗೆ ಅಂಟಿದ್ದ ಕೆಸರನ್ನು ವಿಯೆನ್ನಾದ ಪರಾಗಶಾಸ್ತ್ರಜ್ಞರಾದ ವಿಲ್ಹೆಲ್ಮ್ ಕ್ಲೌಸ್ ಎಂಬವರು ಪರೀಕ್ಷಿಸಿದರು. ಈಗಿನ ಮರಗಳ ಪರಾಗದೊಡನೆ, ಕೋಟ್ಯಂತರ ವರ್ಷಗಳ ಹಿಂದಿನ ಶಿಲಾಸ್ತರದಲ್ಲಿ ಉಳಿದಿದ್ದ ಹಿಕರಿ ಮರದ ಪರಾಗವೂ ಅದರಲ್ಲಿದ್ದಿತು. ಇವೆರಡೂ ಒಟ್ಟಿಗೆ ಸಿಕ್ಕುವ ನೆಲವು ಅಲ್ಲಿ ಬಹು ಸ್ವಲ್ಪವೇ. ಆ ಸ್ಥಳವನ್ನು ಹೇಳಿದೊಡನೆ ಆತನು ಎದೆಗುಂದಿ ತಪ್ಪನ್ನೊಪ್ಪಿಕೊಂಡು, ಶವವನ್ನು ಹೂತಿದ್ದೆಡೆಯನ್ನು ತೋರಿಸಿದನು. ಅಲ್ಲಿಗೆ ಅನುಮಾನವು ಪ್ರತ್ಯಕ್ಷದಿಂದ ದೃಢವಾಯಿತು.

ಆದರೆ ಸೂಕ್ಷ್ಮದರ್ಶಕಕ್ಕೂ ಮಿತಿಯುಂಟು. ಹುಲ್ಲಿನ ಕುಲದ ಪರಾಗಗಳು ನೋಟಕ್ಕೆ ಬಹುಮಟ್ಟಿಗೆ ಒಂದೇ. ಕಣ್ಣು ಸೋತಲ್ಲಿ ಜೀವಕೋಶದೊಳಗಿನ ವಂಶಲಿಪಿಯಾದ ಡಿ.ಎನ್.ಎ.ಯು ನೆರವಿಗೆ ಬಂದಿತು. ಸಸ್ಯದ ಈ ಲಿಪಿಯು ಅಪರಾಧದ ವಿಚಾರಣೆಯಲ್ಲಿ ಸಾಕ್ಷಿಯಾದ ಮೊದಲ ಪ್ರಸಂಗವು ಅಮೇರಿಕಾದ ಅರಿಜೋನಾದ್ದು. ಅಲ್ಲಿ ಸಾಕ್ಷಿಯಾದುದು ಪರಾಗವಲ್ಲ, ಮರದ ಕಾಯಿ. 1992ರಲ್ಲಿ ಫೀನಿಕ್ಸ್ ನಗರದ ಹೊರವಲಯದಲ್ಲಿ, ಪಾಲೋ ವರ್ಡಿ ಎಂಬ ಮರದ ಸಮೀಪ ಕೊಲೆಯಾದ ಸ್ತ್ರೀಯೊಬ್ಬಳ ಶವವು ಸಿಕ್ಕಿತು. ಆಪಾದಿತನು ತಾನು ಆ ಸ್ಥಳಕ್ಕೆ ಹೋಗಿಯೇ ಇಲ್ಲವೆಂದನು. ಆದರೆ ಅವನ ವಾಹನದಲ್ಲಿ ಅಂಥ ಮರದ ಕಾಯಿಗಳಿದ್ದುವು. ಅರಿಜೋನಾ ವಿಶ್ವವಿದ್ಯಾನಿಲಯದ ಟಿಮ್ ಹೆಲೆಂಟ್ಜಾರಿಸ್ ಅವರು ಪರೀಕ್ಷಿಸಿ, ಕಾಯಿಗಳ ಡಿ.ಎನ್.ಎ.ಯು ಆ ಒಂದು ಮರದ ಡಿ.ಎನ್.ಎ.ಗೆ ಹೊಂದುವುದೆಂದರು. ನ್ಯಾಯಾಧೀಶರು ಈ ಮಾತನ್ನು ಸ್ವೀಕರಿಸಿದರೂ, ಅಂಥ ಹೊಂದಿಕೆಯು ಆಕಸ್ಮಿಕವಾಗಿರುವ ಸಂಭವವೆಷ್ಟೆಂಬ ಲೆಕ್ಕವನ್ನು ಪಂಚರ ಮುಂದಿಡಲು ಒಪ್ಪಲಿಲ್ಲ. ಆಪಾದಿತನಿಗೆ ಶಿಕ್ಷೆಯಾಯಿತು, 1995ರಲ್ಲಿ ಮೇಲಣ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಈಗ ಪರಾಗದ ಡಿ.ಎನ್.ಎ.ಯನ್ನೇ ಓದುವ ಕ್ರಮವು ಬೆಳೆಯುತ್ತಿದೆ. ಪರಾಗದ ಬಲು ಗಟ್ಟಿಯಾದ ಹೊರಕವಚವನ್ನು ಒಡೆದು, ಒಳಗಿನ ಲಿಪಿಯ ಗೊತ್ತಾದ ಭಾಗಗಳನ್ನು ಓದಿ, ತಿಳಿದ ಸಸ್ಯಗಳ ಲಿಪಿಯೊಡನೆ ಹೋಲಿಸುತ್ತಾರೆ. ಹಲವು ಗಿಡಗಳ ಪರಾಗವು ಬೆರೆತಿದ್ದರೂ ಬಿಡಿಸಿ ಹೇಳಬಹುದು. ಆದರೆ ಹೋಲಿಕೆಯ ಸಂಗ್ರಹದಲ್ಲಿಲ್ಲದ ಸಸ್ಯವನ್ನು ನಿಶ್ಚಯವಾಗಿ ಹೆಸರಿಸಲಾಗದು. ಮೇಲಾಗಿ ಪರಾಗವನ್ನು ಗಾಳಿಯೂ ಒಯ್ಯುವುದು, ದುಂಬಿಯೂ ಒಯ್ಯುವುದು, ಶೋಧಿಸ ಹೋದವನ ಅಂಗಿಯೂ ಒಯ್ಯುವುದು.

ವ್ಯಾಪ್ತಿಯಿಲ್ಲದ ಹೇತುವು ಹೇತ್ವಾಭಾಸವೆಂದು ನಮ್ಮ ನೈಯಾಯಿಕರು ಎಚ್ಚರಿಸಿದ್ದಾರೆ. ಕಾಯಿಯು ಮರಕ್ಕೂ ವಾಹನಕ್ಕೂ ಇರುವ ಸಂಬಂಧವನ್ನು ತೋರಿಸೀತು. ಕೊಂದ ಕೈ ಯಾವುದೆಂದು ತೋರಿಸಲಾರದು. ಅದನ್ನು ಬೇರೆ ಸಾಕ್ಷ್ಯಗಳಿಂದಲೇ ಸಾಧಿಸಬೇಕು. ಒಬ್ಬನ ಪ್ರಾಣವೂ ಮಾನವೂ ತಕ್ಕಡಿಯಲ್ಲಿರುವಾಗ, ಆ ಅರಿಜೋನಾದ ನ್ಯಾಯಾಧೀಶರಂತೆ ವಿಜ್ಞಾನದ ಮಾತನ್ನು ಅದರ ತೂಕಕ್ಕೆ ತಕ್ಕಷ್ಟೇ ಸ್ವೀಕರಿಸುವುದು ವಿಹಿತವು.