ಬಾಣಂತಿಯ ಉಡುಪು

ಹೆರಿಗೆಯಾದ ದಿನದಿಂದ ಕೂಸು ಮೊಲೆ ಬಿಡುವವರೆಗೆ ತಾಯಿ ತೊಡುವ ಬಟ್ಟೆಬರೆ. ಹಾಲೂಡಲು ಅನುವಾಗುವ ಕುಪ್ಪಸ, ರವಿಕೆ, ನೈಟಿ, ಕುರ್ತಿ, ಒಳ ಉಡುಪು, ಹೊಟ್ಟೆಗೆ ಸುತ್ತುವ ಬಟ್ಟೆ, ತಲೆ ಮತ್ತು ಕಿವಿ ಮುಚ್ಚುವ ವಸ್ತ್ರ ಇವೆಲ್ಲ ಇದರೊಳಗೆ ಬರುತ್ತವೆ. ಬಾಣಂತಿಗೆಂದೇ ಹೊಲಿದ ಸಿದ್ಧ ಉಡುಪು ಅಂಗಡಿಗೆ ಬಂದದ್ದು ಈಚಿನ ಮಾತು. ಅದಕ್ಕೂ ಮುಂಚೆ ಸಾವಿರಾರು ವರ್ಷ ಜಗತ್ತಿನ ಬಹುಪಾಲು ತಾಯಂದಿರು ನಿತ್ಯ ಉಡುವ ಬಟ್ಟೆಯಲ್ಲೇ ಹಾಲೂಡಿದರು, ಏಕೆಂದರೆ ಸುತ್ತಿ ಉಡುವ ಬಟ್ಟೆ ಎಲ್ಲಿ ಬೇಕಾದರೂ ಸರಿಯುತ್ತದೆ. ಮೈಯಳತೆಗೆ ಕತ್ತರಿಸಿ ಬಿಗಿಯಾಗಿ ಹೊಲಿಯುವ ಪದ್ಧತಿ ಬಂದ ಕಡೆಯಲ್ಲೆಲ್ಲ ಎದೆಗೂ ಕೂಸಿಗೂ ನಡುವೆ ಅಡ್ಡಿ ಹುಟ್ಟಿತು. ಆ ಅಡ್ಡಿಯನ್ನು ಸೀಳು, ಗಂಟು, ಗುಂಡಿ, ಹುಕ್ಕು, ಜಿಪ್ಪುಗಳಿಂದ ಮತ್ತೆ ತೆರೆಯುತ್ತ ಬಂದದ್ದೇ ಈ ಉಡುಪಿನ ಇತಿಹಾಸ.

ಮೈಯ ಅಗತ್ಯ

ಹೆರಿಗೆಯಾದ ಎರಡರಿಂದ ಐದು ದಿನಗಳೊಳಗೆ ಎದೆಯಲ್ಲಿ ಹಾಲು ತುಂಬುತ್ತದೆ. ಮೊಲೆ ಭಾರವಾಗಿ ಬಿಗಿಯುತ್ತದೆ, ಕೂಸು ಕುಡಿದ ಮೇಲೆ ಮೆತ್ತಗಾಗುತ್ತದೆ. ಹೀಗೆ ಒಂದೇ ದಿನದಲ್ಲಿ ಅಳತೆ ಹಲವು ಸಲ ಬದಲಾಗುವ ಮೈಗೆ ಒಂದೇ ಅಳತೆಯ ಬಿಗಿ ರವಿಕೆ ಒಗ್ಗುವುದಿಲ್ಲ. ಹಸುಗೂಸಿಗೆ 24 ಗಂಟೆಯಲ್ಲಿ 8ರಿಂದ 12 ಸಲ ಹಾಲೂಡಬೇಕು. ಪ್ರತಿ ಸಲವೂ ಒಂದು ಕೈಯಲ್ಲಿ ಕೂಸು ಇರುವುದರಿಂದ ಉಳಿದ ಒಂದೇ ಕೈಗೆ ಬಟ್ಟೆ ಬಿಚ್ಚಿಕೊಳ್ಳಬೇಕು, ರಾತ್ರಿಯಾದರೆ ಕತ್ತಲಲ್ಲೇ. ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆಯಿಂದಲೂ ಹಾಲು ಸೋರುವುದರಿಂದ ಹೀರಿಕೊಳ್ಳುವ ಬಟ್ಟೆ ಬೇಕು. ಎದೆಯನ್ನು ಒಂದೇ ಜಾಗದಲ್ಲಿ ಒತ್ತುವ ಬಿಗಿ ಒಳ ಉಡುಪಿನಿಂದ ಹಾಲು ಕಟ್ಟಿಕೊಂಡು ನೋವು, ಬಾವು, ಜ್ವರ ಬರಬಹುದು. ಹೆರಿಗೆಯ ನಂತರದ ಸ್ರಾವ ನಾಲ್ಕರಿಂದ ಆರು ವಾರ ಇರುತ್ತದೆ. ಸಿಸೇರಿಯನ್ ಆದವರಿಗೆ ಒಳ ಉಡುಪಿನ ಇಲಾಸ್ಟಿಕ್ ಸರಿಯಾಗಿ ಹೊಲಿಗೆಯ ಗಾಯದ ಮೇಲೆಯೇ ಕೂರುತ್ತದೆ. ಬಾಣಂತಿಯ ಉಡುಪನ್ನು ಅಳೆಯಬೇಕಾದದ್ದು ಈ ಸಂಗತಿಗಳಿಂದ. ಅಂಗಡಿಯ ಕನ್ನಡಿಯ ಮುಂದೆ ಅದು ಹೇಗೆ ಕಾಣುತ್ತದೆ ಎಂಬುದು ಆಮೇಲಿನ ಮಾತು.

ಸುತ್ತುವ ಬಟ್ಟೆ

ಪ್ರಾಚೀನ ಈಜಿಪ್ಟಿನ ಶಿಲ್ಪಗಳಲ್ಲಿ ಐಸಿಸ್ ದೇವಿ ಮಗ ಹೋರಸನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಲೆಯೂಡುತ್ತಾಳೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಹನ್ನೆರಡನೆಯ ಶತಮಾನದ ಚೋಳರ ಕಂಚಿನ ವಿಗ್ರಹದಲ್ಲಿ ಯಶೋದೆ ಕೃಷ್ಣನನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ. ಅವಳ ಮೈಯ ಮೇಲ್ಭಾಗದಲ್ಲಿ ಒಡವೆಗಳಿವೆ, ಹೊಲಿದ ಬಟ್ಟೆಯಿಲ್ಲ. ದಕ್ಷಿಣ ಭಾರತದಲ್ಲಿ ಬಹುಕಾಲ ಎದೆಯ ಮೇಲೆ ಹೊಲಿದ ಬಟ್ಟೆ ತೊಡುವುದು ಎಲ್ಲರ ರೂಢಿಯಾಗಿರಲಿಲ್ಲ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಿರಿಯ ಹೆಂಗಸರು ಈಚಿನವರೆಗೂ ರವಿಕೆಯಿಲ್ಲದೆ, ಸೀರೆಯನ್ನೇ ಮೈಗೆ ಸುತ್ತಿ ಹೆಗಲಿಗೆ ಕಟ್ಟಿ, ಕೊರಳ ತುಂಬ ಕರಿಮಣಿ ಸರ ಧರಿಸುತ್ತಿದ್ದರು. ಗದ್ದೆಯ ಬದುವಿನಲ್ಲಿ ಕೂತು ಕೂಸಿಗೆ ಹಾಲು ಕೊಡಲು ಅಂಥ ಉಡುಗೆಯಲ್ಲಿ ಯಾವ ಏರ್ಪಾಡೂ ಬೇಕಿಲ್ಲ. ಪೂರ್ವ ಆಫ್ರಿಕದ ಕಾಂಗಾ, ಮೆಕ್ಸಿಕೋದ ರೆಬೋಸೋ ಶಾಲು ಕೂಸನ್ನು ಹೊರುತ್ತವೆ, ಮರೆಯನ್ನೂ ಒದಗಿಸುತ್ತವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೈ ಮುಚ್ಚದಿರುವುದು ಎಲ್ಲ ಕಡೆಯೂ ಹೆಂಗಸಿನ ಆಯ್ಕೆಯಾಗಿರಲಿಲ್ಲ. ತಿರುವಾಂಕೂರು ಸಂಸ್ಥಾನದಲ್ಲಿ ಕೆಳಜಾತಿಯ ಹೆಂಗಸರು ಎದೆ ಮುಚ್ಚಿಕೊಳ್ಳುವುದನ್ನು ಮೇಲ್ಜಾತಿಯವರು ತಡೆದರು. ನಾಡಾರ್ ಹೆಂಗಸರು ದಶಕಗಳ ಕಾಲ ಪೆಟ್ಟು ತಿಂದು ಹೋರಾಡಿದ ಮೇಲೆ 1859ರಲ್ಲಿ ಅವರಿಗೆ ಮೇಲುಡುಪು ತೊಡಲು ರಾಜಾಜ್ಞೆ ಅನುಮತಿ ಕೊಟ್ಟಿತು. ಆಗಲೂ ಮೇಲ್ಜಾತಿಯವರಂತೆ ತೊಡಬಾರದೆಂಬ ಷರತ್ತು ಉಳಿಯಿತು. ಹಾಲೂಡಲು ತೆರೆದುಕೊಳ್ಳುವ ಸ್ವಾತಂತ್ರ್ಯ, ಉಳಿದ ಹೊತ್ತಿನಲ್ಲಿ ಮುಚ್ಚಿಕೊಳ್ಳುವ ಸ್ವಾತಂತ್ರ್ಯ ಎರಡೂ ಒಂದೇ ಹಕ್ಕಿನೊಳಗೆ ಸೇರಿವೆ.

ಯುರೋಪಿನ ಸೀಳು ಮತ್ತು ಬಿಗಿಯಂಗಿ

ಚಳಿಯ ನಾಡಿನಲ್ಲಿ ಮೈಗಂಟುವ ಹೊಲಿದ ಬಟ್ಟೆ ಅನಿವಾರ್ಯ. ರಷ್ಯದ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ, ಲಿಯೊನಾರ್ಡೊ ಡ ವಿಂಚಿಯದೆಂದು ಹೇಳಲಾಗುವ ಹದಿನೈದನೆಯ ಶತಮಾನದ ಕೊನೆಯ ಚಿತ್ರ ‘ಮಡೋನಾ ಲಿಟ್ಟಾ’ವನ್ನು ಹತ್ತಿರದಿಂದ ನೋಡಿದರೆ ಮೇರಿಯ ಕೆಂಪು ಉಡುಪಿನಲ್ಲಿ ಎದೆಯ ಬಳಿ ನೆಟ್ಟಗೆ ಸೀಳು ಬಿಟ್ಟಿರುವುದು ಕಾಣುತ್ತದೆ. ಬೇಡದಾಗ ಸೀಳನ್ನು ದಾರದಿಂದ ಹೊಲಿದುಬಿಡುತ್ತಿದ್ದರು, ಹಸಿದ ಕೂಸಿಗಾಗಿ ಹೊಲಿಗೆ ಬಿಚ್ಚುತ್ತಿದ್ದರು. 

ಆದರೆ ಸಿರಿವಂತ ಮನೆಗಳಲ್ಲಿ ಕೂಸನ್ನು ಹಾಲೂಡುವ ದಾದಿಗೆ ಒಪ್ಪಿಸುವ ಪದ್ಧತಿ ಬಲವಾಗಿದ್ದುದರಿಂದ ಅಲ್ಲಿನ ಹೆಂಗಸರ ಬಿಗಿ ಉಡುಪಿಗೆ ತೆರಪು ಬೇಕೆನಿಸಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಗಾಳಿ ತಿರುಗಿತು. ಇಂಗ್ಲೆಂಡಿನ ವೈದ್ಯ ವಿಲಿಯಂ ಕಡೋಗನ್ 1748ರಲ್ಲಿ, ಫ್ರಾನ್ಸಿನಲ್ಲಿ ರೂಸೋ 1762ರ ‘ಎಮೀಲ್’ ಕೃತಿಯಲ್ಲಿ, ತಾಯಿಯೇ ಹಾಲೂಡಬೇಕೆಂದು ವಾದಿಸಿದರು. ಹಾಲೂಡುವುದು ಮೇಲ್ವರ್ಗದ ಫ್ಯಾಷನ್ ಆಯಿತು, ಉಡುಪಿನಲ್ಲಿ ಸೀಳುಗಳು ಮತ್ತೆ ಬಂದವು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ 1796ರಲ್ಲಿ ಬರೆದ ಚಿತ್ರದಲ್ಲಿ ಗರಿ ಸಿಕ್ಕಿಸಿಕೊಂಡ ಸಿಂಗಾರದ ಹೆಂಗಸೊಬ್ಬಳು ಕುರ್ಚಿಯ ಅಂಚಿನಲ್ಲಿ ಕೂತಿದ್ದಾಳೆ. ದಾದಿ ಎತ್ತಿ ಹಿಡಿದ ಕೂಸು ಅವಳ ಉಡುಪಿನ ಸೀಳಿನಿಂದ ಹಾಲು ಕುಡಿಯುತ್ತಿದೆ. ಕಿಟಕಿಯಾಚೆ ಸಾರೋಟು ಕಾಯುತ್ತಿದೆ. ಅವನು ಹಂಗಿಸಿದ್ದು ತಾಯ್ತನದ ತೋರಿಕೆಯನ್ನು. ಇತಿಹಾಸಕಾರರಿಗೆ ಮಾತ್ರ ಆ ಸೀಳಿನ ವಿನ್ಯಾಸಕ್ಕೆ ಅದು ಒಳ್ಳೆಯ ಸಾಕ್ಷಿಯಾಗಿ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದ ಕಾರ್ಸೆಟ್ಟು, ಅಂದರೆ ತಿಮಿಂಗಿಲದ ಬಾಯಿಯೊಳಗಿನ ಗಟ್ಟಿ ಪದರ (ಬಲೀನ್) ಅಥವಾ ಉಕ್ಕಿನ ಪಟ್ಟಿಗಳಿಂದ ಗಟ್ಟಿಮಾಡಿದ ಬಿಗಿಯಂಗಿ, ಬಾಣಂತಿಯನ್ನೂ ಬಿಡಲಿಲ್ಲ. ಎದೆಯ ಭಾಗದಲ್ಲಿ ಗುಂಡಿ ಬಿಚ್ಚಿದರೆ ತೆರೆದುಕೊಳ್ಳುವ ಮುಚ್ಚಳ ಇಟ್ಟು ‘ಹಾಲೂಡುವ ಕಾರ್ಸೆಟ್’ ಎಂದು ಮಾರಿದರು. ಹೆತ್ತ ಮೈ ಸಡಿಲಬೇಕಾದ ಹೊತ್ತಿನಲ್ಲಿ ಅದನ್ನು ಮತ್ತೆ ಬಿಗಿದು, ಎರಡು ಕಿಂಡಿ ಇಟ್ಟು ಅನುಕೂಲವೆಂದು ಕರೆದದ್ದು ಈ ಇತಿಹಾಸದ ಕ್ರೂರ ಘಟ್ಟ. ಅಮೆರಿಕದಲ್ಲಿ ಮೇರಿ ಫೆಲ್ಪ್ಸ್ ಜೇಕಬ್ 1914ರಲ್ಲಿ ಬ್ರಾಗೆ ಪೇಟೆಂಟ್ ಪಡೆದ ಮೇಲಿನ ದಶಕಗಳಲ್ಲಿ ಕಾರ್ಸೆಟ್ಟು ಹಿಂದೆ ಸರಿಯಿತು, ಮುಂಭಾಗ ಬಿಚ್ಚುವ ಹಾಲೂಡುವ ಬ್ರಾ ಬಂತು. ಲಿಥುವೇನಿಯಾದಿಂದ ನ್ಯೂಯಾರ್ಕಿಗೆ ವಲಸೆ ಬಂದ ವಿಧವೆ ಲೀನಾ ಬ್ರಯಂಟ್ ಹೊಲಿಗೆಯಿಂದ ಜೀವನ ಸಾಗಿಸುತ್ತ, ಸೊಂಟದಲ್ಲಿ ಹಿಗ್ಗುವ ಬಸುರಿಯರ ಉಡುಪನ್ನು ಹೊಲಿದು ‘ಲೇನ್ ಬ್ರಯಂಟ್’ ಎಂಬ ದೊಡ್ಡ ಮಳಿಗೆಯನ್ನೇ ಕಟ್ಟಿದಳು. ಬಸುರು, ಬಾಣಂತನಕ್ಕೆ ಬೇರೆಯೇ ಸಿದ್ಧ ಉಡುಪು ಎಂಬ ವ್ಯಾಪಾರ ಬೆಳೆದದ್ದು ಇಂಥ ಮಳಿಗೆಗಳಿಂದ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬಾಟಲಿ ಹಾಲು ಹರಡಿ ಮೊಲೆಹಾಲು ಇಳಿಮುಖವಾಯಿತು. 1956ರಲ್ಲಿ ಇಲಿನಾಯ್ ರಾಜ್ಯದ ಏಳು ತಾಯಂದಿರು ಸೇರಿ ಆರಂಭಿಸಿದ ‘ಲಾ ಲೆಚೆ ಲೀಗ್’ ಮೊಲೆಯೂಡುವ ತಾಯಂದಿರಿಗೆ ಬೆಂಬಲ ಕೊಡುತ್ತ ಜಗತ್ತಿನಾದ್ಯಂತ ಬೆಳೆಯಿತು. ಹಾಲೂಡುವವರು ಹೆಚ್ಚಿದಂತೆ ಅವರಿಗೆ ತಕ್ಕ ಬಟ್ಟೆಯ ಬೇಡಿಕೆಯೂ ಹೆಚ್ಚಿತು.

ಕರ್ನಾಟಕದಲ್ಲಿ

ಉತ್ತರ ಕರ್ನಾಟಕದಲ್ಲಿ ಬಸುರಿಗೆ ಕುಬಸದ ಕಾರ್ಯ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ, ಬಳೆ ಇಡಿಸಿ ಉಡಿ ತುಂಬುತ್ತಾರೆ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿಯುವ ಹಳೆಯ ಮಾದರಿಯ ಕುಬಸಕ್ಕೆ ಗುಂಡಿ, ಹುಕ್ಕು ಇಲ್ಲ. ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು ಹಾಕುತ್ತಾರೆ. ಎದೆ ತುಂಬಿದಾಗ ಗಂಟನ್ನು ಸಡಿಲ ಹಾಕಬಹುದು, ಇಳಿದಾಗ ಬಿಗಿಯಬಹುದು. ಕೂಸಿಗೆ ಹಾಲು ಕೊಡುವಾಗ ಅದನ್ನು ಬಿಚ್ಚಿದರಾಯಿತು, ಮೇಲೆ ಇಳಕಲ್ ಸೀರೆಯ ಅಗಲ ಸೆರಗಿನ ಮರೆ ಇದ್ದೇ ಇರುತ್ತದೆ. ಅಳತೆ ಬದಲಾಗುವ ಮೈಗೆ ಇಷ್ಟು ಹೊಂದಿಕೊಳ್ಳುವ ಉಡುಪನ್ನು ಇಂದಿನ ಕಾರ್ಖಾನೆಗಳು ಇಲಾಸ್ಟಿಕ್ ಬಳಸಿಯೂ ಸುಲಭವಾಗಿ ಮಾಡಲಾರವು.

ಬಾಣಂತಿ ಕೋಣೆಯೊಳಗೆ ಹೊಸ ಬಟ್ಟೆಗಿಂತ ಹಳೆಯ ಬಟ್ಟೆಗೇ ಬೆಲೆ. ಅಜ್ಜಿ ಉಟ್ಟು ಒಗೆದು ಮೆತ್ತಗಾದ ನೂಲಿನ ಸೀರೆಯನ್ನು ಹರಿದು ಕೂಸಿಗೆ ಹಾಸು, ಲಂಗೋಟಿ, ತಾಯಿಗೆ ಸ್ರಾವದ ಬಟ್ಟೆ ಎಲ್ಲ ಮಾಡುತ್ತಿದ್ದರು. ಎಣ್ಣೆ ನೀರು ಎರೆದ ಮೇಲೆ ತಲೆ, ಕಿವಿ ಮುಚ್ಚಿ ಬಟ್ಟೆ ಕಟ್ಟುತ್ತಾರೆ. ಕಿವಿಗೆ ಹತ್ತಿ ಇಡುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಕಂಬಳಿ, ಸ್ವೆಟರು ಬೇಕೇ ಬೇಕು. ಆದರೆ ಇದೇ ಕಟ್ಟಳೆಯನ್ನು ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲೂ ಪಾಲಿಸಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ತಾಯಿಯನ್ನು ಬೆವರಿಸುವುದರಲ್ಲಿ ಅರ್ಥವಿಲ್ಲ. ಬೆವರು ಒಣಗದ ಮೈಗೆ ಬೆವರುಸಾಲೆ, ಹೊಲಿಗೆಯ ಗಾಯಕ್ಕೆ ಸೋಂಕು ಬೇಗ ತಗಲುತ್ತವೆ.

ಹೊಟ್ಟೆ ಕಟ್ಟುವುದು ಇನ್ನೊಂದು ಮುಖ್ಯ ಪದ್ಧತಿ. ಉದ್ದನೆಯ ನೂಲಿನ ಬಟ್ಟೆಯನ್ನು ಸೊಂಟದ ಸುತ್ತ ಬಿಗಿಯಾಗಿ ಸುತ್ತುತ್ತಾರೆ. ಮಲೇಷ್ಯದಲ್ಲಿ ಬೆಂಗ್ಕುಂಗ್, ಲ್ಯಾಟಿನ್ ಅಮೆರಿಕದಲ್ಲಿ ಫಾಹಾ ಎಂಬ ಇಂಥವೇ ಪಟ್ಟಿಗಳಿವೆ. ಸಿಸೇರಿಯನ್ ಆದವರಿಗೆ ಏಳುವಾಗ, ಕೆಮ್ಮುವಾಗ ಆಧಾರ ಸಿಕ್ಕಿ ನೋವು ತಗ್ಗುವುದುಂಟು. ಹೊಟ್ಟೆ ಚಪ್ಪಟೆಯಾಗುತ್ತದೆ ಎಂಬ ನಂಬಿಕೆಗೆ ಮಾತ್ರ ಗಟ್ಟಿ ಆಧಾರವಿಲ್ಲ, ಮತ್ತು ಉಸಿರು ಕಟ್ಟುವಷ್ಟು ಬಿಗಿಯುವುದು ತಪ್ಪು. ಕರ್ನಾಟಕ ಸರ್ಕಾರ 2007ರಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಬಡ ತಾಯಂದಿರಿಗಾಗಿ ‘ಮಡಿಲು’ ಯೋಜನೆ ತಂದಾಗ ಅದರ ಚೀಲದಲ್ಲಿ ಸೊಳ್ಳೆಪರದೆ, ಹಾಸಿಗೆ ಹೊದಿಕೆ, ಸೋಪು, ಕೂಸಿನ ಟೋಪಿ, ಸ್ವೆಟರುಗಳ ಜೊತೆಗೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಸ್ಯಾನಿಟರಿ ಪ್ಯಾಡುಗಳೂ ಇದ್ದವು. ಮನೆಯ ಹೆಂಗಸರ ಅನುಭವವನ್ನು ಸರ್ಕಾರಿ ಪಟ್ಟಿಯೊಳಗೆ ತಂದ ಈ ಹೆಜ್ಜೆ ಮೆಚ್ಚತಕ್ಕದ್ದು.

ಇಂದು ನಾವು ಕಾಣುವ ಲಂಗ, ರವಿಕೆಯೊಡನೆ ಸೀರೆ ಉಡುವ ಕ್ರಮ ನಗರಗಳಲ್ಲಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ. ಬಂಗಾಳದಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಟ್ಯಾಗೋರ್ ಮನೆತನದ ಜ್ಞಾನದಾನಂದಿನಿ ದೇವಿ ಮುಖ್ಯಳು. ಕರ್ನಾಟಕದ ದರ್ಜಿಗಳು ರವಿಕೆಗೆ ಹುಕ್ಕನ್ನು ಮುಂದೆಯೇ ಇಟ್ಟುದರಿಂದ ಹಾಲೂಡುವುದು ಕಷ್ಟವಾಗಲಿಲ್ಲ. ಸಿನಿಮಾ ನೋಡಿ ಹುಕ್ಕು ಬೆನ್ನಿಗೆ ಹೋದ ಮೇಲೆ ಕಷ್ಟ ಶುರುವಾಯಿತು. ಅದಕ್ಕೇ ಬಸುರಿಗೆ ರವಿಕೆ ಹೊಲಿಸುವ ತಾಯಂದಿರು ಟೈಲರಿಗೆ ಹುಕ್ಕು ಮುಂದೆ ಇಡಲು, ಪಕ್ಕದಲ್ಲಿ ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಬಿಡಲು ಹೇಳುತ್ತಾರೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನೈಟಿ ಹಳ್ಳಿ, ಪಟ್ಟಣಗಳ ಮನೆಯೊಳಗೆ ಬಂತು. ಸೊಂಟದಲ್ಲಿ ಲಾಡಿಯಿಲ್ಲ, ಹೊಟ್ಟೆಯ ಮೇಲೆ ಒತ್ತಡವಿಲ್ಲ, ಒಗೆಯಲು ಸುಲಭ. ಹೆತ್ತ ಮೈಗೆ ಇದು ನಿಜವಾದ ಬಿಡುಗಡೆ. ಅದರ ಎದೆಯ ಎರಡೂ ಬದಿಗೆ ನೆರಿಗೆಯ ಮರೆಯಲ್ಲಿ ಜಿಪ್ಪು ಇಟ್ಟಾಗ ಫೀಡಿಂಗ್ ನೈಟಿ ಆಯಿತು. ಗಿಡಿಯನ್ ಸುಂಡ್‌ಬ್ಯಾಕ್ 1917ರಲ್ಲಿ ಪೇಟೆಂಟ್ ಪಡೆದ ಜಿಪ್ಪು ಬಾಣಂತಿ ಕೋಣೆಗೆ ಬರಲು ಇಷ್ಟು ಕಾಲ ಹಿಡಿಯಿತು. ಜಿಪ್ಪಿನ ಹಲ್ಲು ಕೂಸಿನ ಕೆನ್ನೆಗೆ ಉಜ್ಜುವುದರಿಂದ ಕೆಲವರು ಗುಂಡಿಯದನ್ನೇ ಕೇಳುತ್ತಾರೆ. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಬಟ್ಟೆ ಪೂರ್ತಿ ಹತ್ತಿಯದೇ ಎಂಬುದನ್ನು, ಜಿಪ್ಪಿನ ಹಿಂದೆ ಒಳಪಟ್ಟಿ ಇದೆಯೇ ಎಂಬುದನ್ನು. ಹೊರಗೆ ಕೆಲಸಕ್ಕೆ ಹೋಗುವವರಿಗೆ ಇದೇ ತೆರಪಿನ ಫೀಡಿಂಗ್ ಕುರ್ತಿ, ಒಂದರ ಮೇಲೊಂದು ಹಾಯುವ ಎರಡು ಪದರದ ಟಾಪು ಬಂದಿವೆ.

ಹೊರಗಿನ ಕಣ್ಣು

ಸೆರಗು ಮಾಡುತ್ತಿದ್ದ ಮರೆಯ ಕೆಲಸವನ್ನು ಚೂಡಿದಾರದ ವೇಲು, ಆಮೇಲೆ ಕೊರಳಿಗೆ ಹಾಕುವ ಫೀಡಿಂಗ್ ಕವರ್ ವಹಿಸಿಕೊಂಡವು. ಕವರಿನಿಂದ ಧೈರ್ಯ ಬರುವವರು ಬಳಸಲಿ. ಆದರೆ ಅದು ನೋಡುವವರ ಕಣ್ಣಿಗಾಗಿ ಹೊಲಿದದ್ದು. ಅದರೊಳಗೆ ಸೆಕೆಗೆ ಒದ್ದಾಡುವುದು ಕೂಸು. 2018ರಲ್ಲಿ ಮಲಯಾಳದ ‘ಗೃಹಲಕ್ಷ್ಮಿ’ ಪತ್ರಿಕೆ ಮೊಲೆಯೂಡುವ ಚಿತ್ರವನ್ನು ಮುಖಪುಟದಲ್ಲಿ ಹಾಕಿದಾಗ ಕೇಸು ಹೂಡಿದರು. ಅದರಲ್ಲಿ ಅಶ್ಲೀಲತೆ ಇಲ್ಲವೆಂದು ಕೇರಳ ಹೈಕೋರ್ಟು ಅರ್ಜಿ ತಳ್ಳಿಹಾಕಿತು. ತಮಿಳುನಾಡು 2015ರಲ್ಲಿ ಬಸ್ ನಿಲ್ದಾಣಗಳಲ್ಲಿ ಹಾಲೂಡುವ ಕೊಠಡಿ ತೆರೆಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಹಾಲೂಡುವ ಬಿಡುವುಗಳನ್ನು ಕೊಟ್ಟಿತು. 2017ರ ತಿದ್ದುಪಡಿ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು, 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಬಿಡುವೂ ಜಾಗವೂ ಇಲ್ಲದ ಕೆಲಸದಲ್ಲಿ ಎಷ್ಟು ಜಾಣತನದ ಜಿಪ್ಪಿದ್ದರೂ ಪ್ರಯೋಜನವಿಲ್ಲ.

ಕಾಂಗರೂ ಆರೈಕೆಯ ಉಡುಪು

1978ರಲ್ಲಿ ಕೊಲಂಬಿಯದ ಬೊಗೋಟಾದ ವೈದ್ಯ ಎಡ್ಗರ್ ರೇ ಸನಬ್ರಿಯಾ, ಇನ್‌ಕ್ಯುಬೇಟರುಗಳು ಸಾಲದ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟುವ ಕಾಂಗರೂ ಆರೈಕೆ ಆರಂಭಿಸಿದನು. ಬಾಣಂತಿಯ ಉಡುಪಿನಿಂದ ಇದು ಹೊಸದನ್ನೇ ಕೇಳಿತು: ಬಟ್ಟೆ ಹಾಲೂಡುವ ಹೊತ್ತಿಗೆ ಮಾತ್ರ ತೆರೆದರೆ ಸಾಲದು, ಕೂಸನ್ನು ಗಂಟೆಗಟ್ಟಲೆ ಮೈಗಂಟಿಸಿ ಹಿಡಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸಿನಂತೆ ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ನಡೆಯಬೇಕು. ಸಂಸ್ಥೆಯ ಮುಂದಾಳ್ತನದಲ್ಲಿ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರಿ ಆಸ್ಪತ್ರೆಗಳೊಡನೆ ಸೇರಿ ಈ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹರಡುವ ಕೆಲಸ ಮಾಡಿದೆ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ತಾಯಿಗೆ ತೊಡಿಸುವ ಗೌನು ಬೆನ್ನಲ್ಲಿ ಲಾಡಿ ಕಟ್ಟುವಂಥದ್ದು, ಎದೆಯಲ್ಲಿ ತೆರೆಯುವುದಿಲ್ಲ. ಈ ಆರೈಕೆಗೆ ಬೇಕಾದದ್ದು ಎದೆಯಲ್ಲಿ ತೆರೆಯುವ ಸಡಿಲ ಅಂಗಿ, ಅದರೊಳಗೆ ಕೂಸನ್ನು ನೆಟ್ಟಗೆ ನಿಲ್ಲಿಸಿ ಸುತ್ತುವ ಅಗಲವಾದ ಹತ್ತಿಯ ಬಟ್ಟೆ. ಕೊಳ್ಳುವ ಶಕ್ತಿಯಿಲ್ಲದ ಮನೆಯಲ್ಲಿ ಮುಂದೆ ಹುಕ್ಕಿನ ರವಿಕೆ, ಎರಡು ಸುತ್ತು ಬರುವಷ್ಟು ಹಳೆಯ ನೂಲಿನ ಸೀರೆಯ ತುಂಡು ಇದ್ದರೂ ಆದೀತು. ಗಂಟು ತಾಯಿಯ ಉಸಿರಾಟಕ್ಕೆ ಅಡ್ಡಿಯಾಗದಂತೆ, ಕೂಸಿನ ಮೂಗು ಮುಚ್ಚದಂತೆ ಕಟ್ಟುವುದನ್ನು ದಾದಿಯರು ವಾರ್ಡಿನಲ್ಲೇ ಕಲಿಸಬೇಕು.